ಹಳೇ ಲ್ಯಾಪ್‌ಟಾಪ್ ಕೊಳ್ಳುವಿರಾ? ಕೊಂಚ ತಾಳಿ!



ರೇಷ್ಮೆ ಸೀರೆ ಕೊಳ್ಳಲು ಹೋದಾಗ ನೀವು ಏನು ಮಾಡುತ್ತೀರಿ? ಸೆರಗು ಬಿಡಿಸಿ ನೋಡುತ್ತೀರಿ, ಜರಿಯನ್ನು ಬೆಳಕಿಗೆ ಹಿಡಿಯುತ್ತೀರಿ, ಅಂಗಡಿಯವನು ಮುಖ ಸಿಂಡರಿಸಿದರೂ ಇನ್ನೆರಡು ತೆಗೆಸುತ್ತೀರಿ. ಬದನೆಕಾಯಿಯನ್ನು ಕೂಡ ತೂತು ಇದೆಯೇ ಎಂದು ತಿರುಗಿಸಿ ನೋಡದೆ ಚೀಲಕ್ಕೆ ಹಾಕುವವರಲ್ಲ ನಾವು. ಆದರೆ ಮಗಳ ಕಾಲೇಜಿಗೆಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವಾಗ ಮಾತ್ರ "ನಮಗೇನು ಗೊತ್ತಾಗುತ್ತೆ ಬಿಡಿ" ಎಂದು ಸುಮ್ಮನೆ ನಿಂತುಬಿಡುತ್ತೇವೆ. ಮೋಸ ಆಗುವುದು ಅಲ್ಲೇ.

ನನ್ನ ನಾದಿನಿಯ ಕಥೆ ಕೇಳಿ. ಚೀಟಿ ಎತ್ತಿದ ಹಣದಲ್ಲಿ 18,000 ರೂಪಾಯಿ ಕೊಟ್ಟು, ಪರಿಚಯದವರಿಗೆ ಪರಿಚಯವಿದ್ದ ಒಬ್ಬನಿಂದ ಲ್ಯಾಪ್‌ಟಾಪ್ ತಂದಳು. ರಸೀದಿ ಇಲ್ಲ. ಒಂದು ತಿಂಗಳು ಚೆನ್ನಾಗೇ ಇತ್ತು. ಯಾಕೋ ನಿಧಾನವಾಯಿತೆಂದು ಹುಡುಗಿ ಅದನ್ನು ರೀಸೆಟ್ ಮಾಡಿದಳು ನೋಡಿ, ತೆರೆಯ ಮೇಲೆ ಯಾವುದೋ ಕಂಪನಿಯ ಹೆಸರು ಬಂತು! ಆ ಕಂಪನಿಯ ಪಾಸ್‌ವರ್ಡ್ ಕೊಡದೆ ಮುಂದಕ್ಕೆ ಬಿಡಲೊಲ್ಲದು. ಮಾರಿದವನ ಫೋನು ಸ್ವಿಚ್ ಆಫ್. ಪ್ರಾಜೆಕ್ಟ್ ಒಪ್ಪಿಸಲು ಹತ್ತೇ ದಿನ. ನಾದಿನಿ ನನ್ನ ಹತ್ತಿರ ಬಂದು, "ಅತ್ತಿಗೆ, ಇವರಿಗೆ ಹೇಗೆ ಹೇಳಲಿ?" ಎಂದು ಕಣ್ಣೀರು ಹಾಕಿದಳು. ಹೋದ ದುಡ್ಡಿಗಿಂತ ಆ ಮಾತೇ ನನ್ನನ್ನು ಹೆಚ್ಚು ಚುಚ್ಚಿತು.

ಹಾಗೆಂದು ಹಳೆಯದು ಬೇಡವೇ ಬೇಡ ಎನ್ನುತ್ತಿಲ್ಲ. ಕಂಪನಿಗಳು ಕೆಲವು ವರ್ಷ ಬಳಸಿ ಮಾರಿದ ಯಂತ್ರಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ, ಗಟ್ಟಿಮುಟ್ಟಾದವೂ ಉಂಟು. ಆದರೆ ಹಣ ಕೊಡುವ ಮೊದಲು ಅರ್ಧ ಗಂಟೆ ಕೂತು ನೋಡಿ. ಹೀಗೆ:

1. ವಯಸ್ಸು ತಿಳಿಯಿರಿ. "ಐ-5 ಮೇಡಂ" ಎಂದರೆ ಸಾಲದು. ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಂ’, ಅದರೊಳಗೆ ‘ಅಬೌಟ್’ ಒತ್ತಿ, ಐ-5ರ ಮುಂದಿನ ಅಂಕಿ ನೋಡಿ. 6200 ಎಂದಿದ್ದರೆ ಆರನೆಯ ಜನರೇಷನ್, 8250 ಎಂದರೆ ಎಂಟನೆಯದು, 1135 ಎಂದರೆ ಹನ್ನೊಂದನೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೆಯ ಜನರೇಷನ್ ಅಥವಾ ಅದರ ನಂತರದ್ದೇ ಬೇಕು.

2. ರ‍್ಯಾಮ್ 8 ಜಿಬಿ ಇರಲಿ. ಒಳಗಿನ ಡಿಸ್ಕ್ ಎಸ್‌ಎಸ್‌ಡಿ ಆಗಿರಲಿ. ತಿರುಗುವ ಹಳೇ ಹಾರ್ಡ್ ಡಿಸ್ಕ್ ಆದರೆ ಆನ್ ಮಾಡಿ ಕಾಫಿ ಸೋಸಿಕೊಂಡು ಬರಬೇಕಾದೀತು!

3. ಚಾರ್ಜರ್ ಕಿತ್ತು ಒಂದು ವೀಡಿಯೋ ಹಾಕಿಡಿ. ಅರ್ಧ ಗಂಟೆಯಲ್ಲಿ ನೂರರಿಂದ ಐವತ್ತಕ್ಕೆ ಇಳಿದರೆ ಬ್ಯಾಟರಿ ಮುಪ್ಪಾಗಿದೆ ಎಂದೇ ತಿಳಿಯಿರಿ. ಹೊಸ ಬ್ಯಾಟರಿಯ ಬೆಲೆ ವಿಚಾರಿಸಿ, ಅಷ್ಟನ್ನು ಚೌಕಾಸಿಯಲ್ಲಿ ಕಳೆಯಿರಿ.

4. ಅಷ್ಟರಲ್ಲಿ ಪ್ರತಿಯೊಂದು ಕೀಲಿಯನ್ನೂ ಒತ್ತಿ ಅಕ್ಷರ ಮೂಡುತ್ತದೆಯೇ ನೋಡಿ. ತೆರೆಯನ್ನು ಪೂರ್ತಿ ಬಿಳಿಯಾಗಿಸಿ ಚುಕ್ಕೆ, ಗೆರೆ ಹುಡುಕಿ. ಮುಚ್ಚಳ ನಾಲ್ಕು ಸಲ ತೆಗೆದು ಹಾಕಿ. ಕ್ಯಾಮೆರಾ, ಮೈಕು, ಸ್ಪೀಕರು, ಪೆನ್ ಡ್ರೈವ್ ಚುಚ್ಚುವ ಎಲ್ಲ ಜಾಗಗಳನ್ನೂ ಬಿಡಬೇಡಿ.

5. ಇದು ಬಹಳ ಮುಖ್ಯ. ಮಾರುವವರ ಕೈಯಲ್ಲೇ ನಿಮ್ಮೆದುರು ರೀಸೆಟ್ ಮಾಡಿಸಿ, ನಿಮ್ಮ ಫೋನಿನ ಇಂಟರ್‌ನೆಟ್ ಕೊಟ್ಟು, ನಿಮ್ಮ ಹೆಸರಿನಲ್ಲೇ ಶುರು ಮಾಡಿ. ಇದಕ್ಕೆ ಇನ್ನೊಂದು ಗಂಟೆ ಹಿಡಿದರೂ ಹಿಡಿಯಲಿ, ಕಾಯಿರಿ. ಕಂಪನಿಯ ಬೀಗ ಇದ್ದರೆ ಆಗಲೇ ಹೊರಬೀಳುತ್ತದೆ. "ಮನೆಗೆ ಹೋಗಿ ಮಾಡ್ಕೊಳ್ಳಿ" ಎಂದರೆ ಎದ್ದು ಬನ್ನಿ.

6. ತಳಭಾಗದ ಸೀರಿಯಲ್ ನಂಬರ್ ಬರೆದ ರಸೀದಿ ಕೇಳಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಅಪರಾಧ. ತಿಳಿಯದೆ ಕೊಂಡರೂ ವಸ್ತು ಕೈಬಿಟ್ಟು ಹೋದೀತು.

ಇಷ್ಟು ನೋಡುವುದಕ್ಕೆ ಇಂಜಿನಿಯರ್ ಆಗಬೇಕಿಲ್ಲ, ಸಂಕೋಚ ಬಿಟ್ಟರೆ ಸಾಕು.

ನಾದಿನಿ ಕೊನೆಗೆ ಗಂಡನಿಗೆ ಹೇಳಿದಳು. ಎರಡು ದಿನ ಅವರ ಮುಖ ಗಂಟಾಗಿತ್ತು; ಮೂರನೆಯ ದಿನ ಅವರೇ ಪಕ್ಕದ ಮನೆಯ ಲ್ಯಾಪ್‌ಟಾಪ್ ಕೇಳಿ ತಂದರು, ಮಗಳ ಪ್ರಾಜೆಕ್ಟ್ ಮುಗಿಯಿತು. ಮೋಸ ಹೋದದ್ದನ್ನು ಮನೆಯಲ್ಲಿ ಮುಚ್ಚಿಡಬೇಡಿ ಸೋದರಿ, ಮುಚ್ಚಿಟ್ಟಷ್ಟೂ ಅದು ಭಾರ. ಆರು ತಿಂಗಳ ಮೇಲೆ ಇಬ್ಬರೂ ಹೋಗಿ ಇನ್ನೊಂದು ಕೊಂಡರು. ಈ ಸಲ ಎಲ್ಲವನ್ನೂ ಅವಳೇ ಕೂತು ನೋಡಿದಳು. ಅಂಗಡಿಯ ಹುಡುಗ, "ಆಂಟಿ, ನೀವೇನು ಇಂಜಿನಿಯರಾ?" ಅಂದನಂತೆ.

"ಇಲ್ಲಪ್ಪ, ಒಂದ್ಸಲ ಮೋಸ ಹೋದವಳು" ಅಂದಳಂತೆ ನಮ್ಮವಳು!