ಸಂಜೆ ಕೂರಲು ಜಾಗ ಕೊಡಿ

ಗೆಳೆಯರು ಒಂದೆಡೆ ಸೇರುವುದೇ ನಿಂತುಹೋಗಿದೆ ಎಂಬ ದೂರು ಬಂದಾಗಲೆಲ್ಲ ನಾವು ಬೈಯುವುದು ಮೊಬೈಲನ್ನು, ಇಲ್ಲವೇ ಆಫೀಸನ್ನು. ಆದರೆ ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲೂ ಮೊಬೈಲ್ ಇದೆ. ವ್ಯಾಪಾರದ ಊರುಗಳಾದ್ದರಿಂದ ಅಂಗಡಿಯ ಷಟರ್ ಎಳೆಯುವಷ್ಟರಲ್ಲಿ ಕತ್ತಲಾಗಿರುತ್ತದೆ. ಆದರೂ ರಾತ್ರಿ ಊಟವಾದ ಮೇಲೆ ಮನೆಯಿಂದ ಹೊರಬಿದ್ದು, ಐಸ್‌ಕ್ರೀಮ್ ಗಾಡಿಯ ಸುತ್ತ ಹನ್ನೊಂದರವರೆಗೂ ಹರಟುವ ಗುಂಪುಗಳು ಅಲ್ಲಿ ದಿನನಿತ್ಯದ ಸಂಗತಿ. ಅದು ಗುಜರಾತಿಗಳ ಸ್ವಭಾವ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ಏನನ್ನೂ ಕೊಳ್ಳದೆ, ಯಾರ ಅಪ್ಪಣೆಯನ್ನೂ ಕೇಳದೆ ಕೂರಬಹುದಾದ ಜಾಗ ಆ ಊರುಗಳಲ್ಲಿ ಇನ್ನೂ ಉಳಿದಿದೆ. ನಾವು ಅದನ್ನು ಒಂದೊಂದಾಗಿ ಕಳೆದುಕೊಂಡಿದ್ದೇವೆ.

ಹೌಸಿಂಗ್ ಸೊಸೈಟಿಯ ಗೇಟಿನ ಬಳಿ, ರಸ್ತೆ ತಿರುವಿನಲ್ಲಿ, ಚಹಾದ 'ಕಿಟ್ಲಿ'ಯ ಪಕ್ಕದಲ್ಲಿ ಹಾಕಿರುವ ಸಿಮೆಂಟಿನ ಬೆಂಚುಗಳನ್ನೇ ನೋಡಿ. 'ಬಾಂಕಡೊ' ಎನ್ನುತ್ತಾರೆ. ಬೆನ್ನಿನ ಮೇಲೆ ದಾನಿಯ ಹೆಸರೋ, ಅನುದಾನ ಕೊಟ್ಟ ಜನಪ್ರತಿನಿಧಿಯ ಹೆಸರೋ ಇರುತ್ತದೆ. (ಹೆಸರಿನ ಆಸೆ ಇಷ್ಟು ಒಳ್ಳೆಯ ಕೆಲಸ ಮಾಡಿಸಿದ್ದು ನಮ್ಮ ರಾಜಕಾರಣದಲ್ಲಿ ಅಪರೂಪ.) ಅಹಮದಾಬಾದಿನ ಹಳೆಯ ಕೇರಿಗಳಾದ ಪೋಳ್‌ಗಳಲ್ಲಿ ಮನೆ ಮುಂದಿನ ಜಗಲಿ ಬೀದಿಗೇ ತೆರೆದುಕೊಳ್ಳುತ್ತದೆ, ಒಳಗೆ ಹೋದರೆ ನಡುಮನೆಯ ತೂಗುಮಂಚ ಬಂದವರಿಗಾಗಿ ಕಾದಿರುತ್ತದೆ. ಮಾಣೆಕ್ ಚೌಕದಲ್ಲಿ ಹಗಲಿಡೀ ಚಿನ್ನಬೆಳ್ಳಿಯ ವ್ಯಾಪಾರ. ಅಂಗಡಿಗಳು ಮುಚ್ಚಿದ ಮೇಲೆ ಅದೇ ನೆಲದಲ್ಲಿ ಮೇಜು ಕುರ್ಚಿ ಬಿದ್ದು ನಡುರಾತ್ರಿಯವರೆಗೂ ತಿಂಡಿಪೇಟೆ. ಸೂರತ್‌ನವರಂತೂ ಶರತ್ ಹುಣ್ಣಿಮೆಯ ಮರುದಿನದ 'ಚಾಂದನಿ ಪಡವೊ'ಗೆ ಘಾರಿಯೆಂಬ ಸಿಹಿತಿಂಡಿಯ ಡಬ್ಬಿ ಹಿಡಿದು, ರಸ್ತೆಬದಿಯ ಫುಟ್‌ಪಾತ್ ಮೇಲೆಯೇ ಚಾದರ ಹಾಸಿ ಬಂಧುಮಿತ್ರರೊಂದಿಗೆ ಕೂತುಬಿಡುತ್ತಾರೆ. ವಡೋದರಾದಲ್ಲಿ 1879ರ ಸಯಾಜಿಬಾಗ್ ಇದೆ, ಸೂರ್‌ಸಾಗರ ಕೆರೆಯ ದಂಡೆಯಿದೆ. ಇವುಗಳಲ್ಲಿ ಹೆಚ್ಚಿನವು ದೊಡ್ಡ ಯೋಜನೆಯ ಫಲವಲ್ಲ; ಕೂತವರನ್ನು ಎಬ್ಬಿಸಿ ಓಡಿಸದಿರುವುದಷ್ಟೇ ಇಲ್ಲಿನ ಉಪಾಯ.

ಇದೆಲ್ಲ ಪಾನನಿಷೇಧದ ಮಹಿಮೆ ಎನ್ನುವವರುಂಟು: ಬಾರ್ ಇಲ್ಲ, ಹಾಗಾಗಿ ಜನ ಐಸ್‌ಕ್ರೀಮಿಗೆ ಹೋಗುತ್ತಾರೆ. 1960ರಲ್ಲಿ ರಾಜ್ಯ ಹುಟ್ಟಿದಾಗಿನಿಂದ ನಿಷೇಧ ಇರುವುದು ನಿಜ. ಆದರೆ ಕುಡಿತ ನಿಂತಿದೆಯೆಂದು ನಂಬಲು 2009ರ ಅಹಮದಾಬಾದ್ ಕಳ್ಳಭಟ್ಟಿ ದುರಂತ ಬಿಡುವುದಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಇನ್ನು ನಿಷೇಧವೇ ಇಲ್ಲದ ಕೋಲ್ಕತಾದ ಅಡ್ಡಾ, ಹೈದರಾಬಾದಿನ ಇರಾನಿ ಹೋಟೆಲುಗಳ ಹರಟೆ ಎಲ್ಲಿಂದ ಬಂದವು? ಒಂದು ಮಾತನ್ನು ಮಾತ್ರ ಒಪ್ಪಬೇಕು. ಗೆಳೆಯರ ಕೂಟವೆಂದರೆ ಬಾರು ಎಂದಾಗಿಬಿಟ್ಟ ಊರಿನಲ್ಲಿ ಹೆಂಗಸರು, ಮಕ್ಕಳು, ಮುದುಕರು ತಾವಾಗಿಯೇ ಕೂಟದಿಂದ ಹೊರಗುಳಿಯುತ್ತಾರೆ. ಗುಜರಾತಿನ ರಾತ್ರಿಯಲ್ಲಿ ಅವರೂ ಇದ್ದಾರೆ. ಆದರೆ ಅವರನ್ನು ಹೊರಗೆ ಕರೆತರಲು ಬೇಕಾದದ್ದು ಬೆಳಕು, ಜನಸಂದಣಿ ಮತ್ತು ತೆರೆದ ಅಂಗಡಿ. ಅದಕ್ಕೆ ಪಾನನಿಷೇಧ ಬೇಕಿಲ್ಲ. ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ ಅಂಗಡಿಗಳು ದಿನವಿಡೀ ತೆರೆದಿರಬಹುದೆಂದು 2019ರ ಗುಜರಾತ್ ಕಾಯ್ದೆಯೇ ಹೇಳಿದೆ.

ಹೆಚ್ಚು ತೂಕವಿರುವ ಆಕ್ಷೇಪ ಬೇರೆಯದು. ಆ ಜಗಲಿಗಳ ಮೇಲೆ ಯಾರ ಜೊತೆ ಯಾರು ಕೂರುತ್ತಾರೆ? ಪೋಳ್‌ಗಳು ಬೆಳೆದದ್ದೇ ಜಾತಿ, ಕಸುಬು, ಧರ್ಮಗಳ ಲೆಕ್ಕದಲ್ಲಿ. ಅಶಾಂತ ಪ್ರದೇಶಗಳಲ್ಲಿ ಜಿಲ್ಲಾಧಿಕಾರಿಯ ಅನುಮತಿಯಿಲ್ಲದೆ ಆಸ್ತಿ ಪರಭಾರೆ ಮಾಡದಂತೆ ತಡೆಯುವ 1991ರ ಕಾಯ್ದೆ ಇಂದಿಗೂ ಇದೆ. ಅಹಮದಾಬಾದಿನಲ್ಲಿ ಹಿಂದೂ ಮುಸ್ಲಿಮರ ವಸತಿ ಬೇರೆ ಬೇರೆಯಾಗಿ ಹೋಗಿರುವುದು ಎಲ್ಲರಿಗೂ ಗೊತ್ತಿರುವುದೇ. ಹಾಗಾದರೆ ಹೊಗಳಲು ಏನಿದೆ ಎಂದು ಕೇಳಿದರೆ, ಜಗಲಿಯ ಬಗ್ಗೆ ನಾನು ಭಾವುಕನಾಗಲಾರೆ. ಅದು ತನ್ನವರನ್ನು ಮಾತ್ರ ಕೂರಿಸಿಕೊಳ್ಳಬಲ್ಲದು. ಬೀದಿಯ ಬೆಂಚಿಗೆ ಆ ಹಕ್ಕಿಲ್ಲ, ಅದೇ ಅದರ ಹೆಚ್ಚುಗಾರಿಕೆ. ನೆರೆಮನೆ ಸಿಗದವರಿಗೂ ಎದುರುಬದುರು ಕೂರಲು ಉಳಿದಿರುವುದು ಮಾಣೆಕ್ ಚೌಕದಂಥ ಜಾಗವೇ. 2021ರ ನವೆಂಬರಿನಲ್ಲಿ ಅಹಮದಾಬಾದ್, ವಡೋದರಾ ಪಾಲಿಕೆಗಳು ಮೊಟ್ಟೆ, ಮಾಂಸದ ಗಾಡಿಗಳನ್ನು ಮುಖ್ಯರಸ್ತೆಗಳಿಂದ ಎಬ್ಬಿಸಲು ಹೊರಟಿದ್ದು, ಮರುತಿಂಗಳು ಅಹಮದಾಬಾದಿನ ಗಾಡಿಯವರ ಪ್ರಕರಣದಲ್ಲಿ ಹೈಕೋರ್ಟು ಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡಿದ್ದು, ಎರಡೂ ಇದೇ ಕಾರಣಕ್ಕೆ ಮುಖ್ಯ. ಗಾಡಿ ಎದ್ದರೆ ಅದರ ಸುತ್ತ ನಿಂತವರೂ ಏಳುತ್ತಾರೆ. ಟಿಕೆಟ್ಟೂ ಹಾಗೆಯೇ ಜರಡಿ ಹಿಡಿಯುತ್ತದೆ. 2008ರ ನವೀಕರಣದ ನಂತರ ಕಾಂಕರಿಯಾ ಕೆರೆಗೆ ಶುಲ್ಕ ಬಂತು, 2022ರಲ್ಲಿ ಸಾಬರಮತಿಯ ಮೇಲೆ ತೆರೆದ ಅಟಲ್ ಸೇತುವೆಗೂ ಬಂತು. ಓಣಿಯ ಗರ್ಬಾ ಪಾಸ್ ಕೇಳುವ ಪಾರ್ಟಿ ಪ್ಲಾಟಿಗೆ ಹೋಯಿತು. ಗುಜರಾತ್ ತನ್ನ ಒಳ್ಳೆಯ ಗುಣವನ್ನು ತಾನೇ ಮಾರಿಕೊಳ್ಳುತ್ತಿದೆ.

ರಾತ್ರಿಯ ಗದ್ದಲಕ್ಕೆ ನಿದ್ದೆಗೆಡುವ ನಿವಾಸಿಗಳ ದೂರೂ ನ್ಯಾಯವಾದದ್ದು. ಆದರೆ ಕಡಿವಾಣ ಬೀಳಬೇಕಾದದ್ದು ಧ್ವನಿವರ್ಧಕಕ್ಕೂ ಸೈಲೆನ್ಸರ್ ಕಿತ್ತ ಬೈಕಿಗೂ. ಮಾತಾಡುತ್ತ ಕೂತ ನಾಲ್ವರಿಗಲ್ಲ. ನಾವು ಮಾತ್ರ ಕೂತವರನ್ನೇ ಎಬ್ಬಿಸಿದೆವು: ನಮ್ಮಲ್ಲಿ ಅಶ್ವತ್ಥಕಟ್ಟೆಗೆ ಗ್ರಿಲ್ ಬಿತ್ತು, ಅಂಗಡಿ ಮೆಟ್ಟಿಲಿಗೆ ಮುಳ್ಳುಕಂಬಿ ಬಂತು. ದರ್ಶಿನಿಯೆಂಬ ಚೊಕ್ಕ ವ್ಯವಸ್ಥೆಯನ್ನೂ ಕಟ್ಟಿಕೊಂಡೆವು, ನಿಂತು ತಿಂದು ಹೊರಡುವುದಕ್ಕೆ. ಬೆಂಗಳೂರಿನ ಪಾಲಿಕೆ 2024ರಲ್ಲಿ ಉದ್ಯಾನಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ತೀರ್ಮಾನಿಸಿದ್ದು ಸರಿಯಾದ ಹೆಜ್ಜೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಪಾಲಿಕೆಗಳೂ ಹಾಗೆ ಮಾಡಲಿ. ಮುಂದಿನ ಸಲ ಮತ ಕೇಳಲು ಬಂದವರನ್ನು ವಾರ್ಡಿಗೆ ಹತ್ತು ಸಿಮೆಂಟ್ ಬೆಂಚು ಕೇಳಿ. ಬೇಕಿದ್ದರೆ ಬೆನ್ನಿನ ಮೇಲೆ ಅವರ ಹೆಸರನ್ನೇ ಬರೆಸಿಕೊಳ್ಳಲಿ.