ಉತ್ತರ ಮೊದಲು, ರೀಡಿಂಗ್ ಆಮೇಲೆ

ಪಿಯುಸಿ ಫಿಸಿಕ್ಸ್ ಲ್ಯಾಬ್ ನೆನಪಿದೆಯಾ? ಒಂದು ಮೀಟರ್ ದಾರ, ತುದಿಗೆ ಲೋಹದ ಗುಂಡು, ಕೈಯಲ್ಲಿ ಸ್ಟಾಪ್‌ವಾಚ್. 20 ಆಂದೋಲನಕ್ಕೆ 39 ಸೆಕೆಂಡ್ ಬಂದರೆ ಲೆಕ್ಕದಲ್ಲಿ ‘ಜಿ’ ಸುಮಾರು 1040 ಆಗುತ್ತೆ. ಬರಬೇಕಾದದ್ದು 980. ಹಾಗಾಗಿ ರೆಕಾರ್ಡ್ ಬುಕ್‌ನಲ್ಲಿ 39 ಸದ್ದಿಲ್ಲದೆ 40 ಆಗುತ್ತಿತ್ತು. ಮೇಷ್ಟ್ರು ಸೈನ್ ಹಾಕುತ್ತಿದ್ದರು. ಅದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ. ನಾವೂ ಅನ್ನಲಿಲ್ಲ.

ಆ ಚಾಳಿಯನ್ನು ನಾವಿಬ್ಬರೂ ಚಟ್ನಿಪುಡಿಯ ಜೊತೆ ಅಮೆರಿಕಕ್ಕೂ ತಂದೆವು. ಎಂಎಸ್‌ನ ಮೊದಲ ಸೆಮಿಸ್ಟರ್. ಉಕ್ಕಿನ ತುಂಡನ್ನು ಯಂತ್ರದಲ್ಲಿ ಎಳೆದು ಯಂಗ್ಸ್ ಮಾಡ್ಯುಲಸ್ ಕಂಡುಹಿಡಿಯುವ ಪ್ರಯೋಗ. ನಮಗೆ ಬಂದದ್ದು 246 ಗಿಗಾಪಾಸ್ಕಲ್. ಪುಸ್ತಕದಲ್ಲಿರುವುದು 200ರ ಆಸುಪಾಸು. ಬೆಳಗ್ಗೆ ರಿಪೋರ್ಟ್ ಕೊಡಬೇಕು. ‘ಒಂದೆರಡು ಕಾಲಂ ಸರಿ ಮಾಡಿಬಿಡೋಣ ಮಾರಾಯ’ ಅಂತ ನಮ್ಮಲ್ಲೊಬ್ಬ ಅಂದ. ಇನ್ನೊಬ್ಬ ಬೇಡ ಅನ್ನಲಿಲ್ಲ.

ಯಂತ್ರದ ಮೂಲ ಫೈಲ್ ಟಿಎ ಹತ್ತಿರ ಇತ್ತು. ಹಿಗ್ಗುವಿಕೆ ಅಳೆಯುವ ಕ್ಲಿಪ್ ನಡುವೆ ಜಾರಿತ್ತು. ಗ್ರಾಫಿನ ಗೆರೆ ಅಲ್ಲೇ ಕೊಂಕಿತ್ತು. ಅವರು ರೇಗಲಿಲ್ಲ. ‘ಇದನ್ನು ಕಂಡುಹಿಡಿದು ಬರೆದಿದ್ದರೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದೆ’ ಅಂದರು. ಸಿಕ್ಕಿದ್ದು ಸೊನ್ನೆ. ಜೊತೆಗೆ, ನಡೆದದ್ದರ ಬಗ್ಗೆ ಒಂದು ಪುಟ ಬರೆದು ತರಬೇಕಿತ್ತು.

ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆವು: ಹೊಸ ದೇಶ, ನಿಯಮ ಗೊತ್ತಿರಲಿಲ್ಲ, ಈಗ ಪ್ರಾಮಾಣಿಕತೆಯ ಬೆಲೆ ತಿಳಿಯಿತು. ಗಟ್ಟಿಯಾಗಿ ಓದಿಕೊಂಡಾಗ ನಾಚಿಕೆಯಾಯಿತು. ನಿಯಮ ಗೊತ್ತಿತ್ತು, ಮೊದಲ ವಾರವೇ ಸಹಿ ಮಾಡಿಕೊಟ್ಟಿದ್ದೆವು. ಇಲ್ಲೂ ನಾವು ಮಾಡಿದ್ದು ಅದೇ ಕೆಲಸ. ನೀತಿಯನ್ನು ಮೊದಲೇ ಬರೆದಿಟ್ಟುಕೊಂಡು, ನೆನಪನ್ನು ಅದಕ್ಕೆ ಹೊಂದಿಸಿದ್ದೆವು.

ಎರಡನೇ ಸಲ ಬರೆಯಲು ನಾಲ್ಕು ದಿನ ಹಿಡಿಯಿತು. ಮಾರ್ಕ್ಸ್ ಹೋಗುತ್ತೆ ಅನ್ನುವ ಭಯಕ್ಕಿಂತ, ‘ಇವರಿಗೆ ಇಷ್ಟೂ ಬರಲ್ಲವಾ’ ಅಂತ ಕ್ಲಾಸಿನವರು ಅಂದುಕೊಳ್ಳುತ್ತಾರೆ ಅನ್ನುವ ಭಯ ದೊಡ್ಡದಾಗಿತ್ತು. ಅದು ನಮಗೇ ಗೊತ್ತಾದದ್ದು ಬರೆಯುವಾಗ.

ಇಲ್ಲಿ ನಮ್ಮೆಲ್ಲರಿಗೂ ಇಂಥ ಬರಹ ತಪ್ಪಿದ್ದಲ್ಲ. ಎಸ್‌ಒಪಿ, ಸ್ಕಾಲರ್‌ಶಿಪ್ ಪ್ರಬಂಧ, ಇಂಟರ್‌ವ್ಯೂನಲ್ಲಿ ‘ನಿಮ್ಮ ಒಂದು ಸೋಲಿನ ಬಗ್ಗೆ ಹೇಳಿ’. ನಾವು ಹೇಳುವ ಸೋಲೆಲ್ಲ ಮೂರನೇ ವಾಕ್ಯಕ್ಕೇ ಗೆಲುವಾಗಿರುತ್ತದೆ! ಅಂಥ ಬರಹದಿಂದ ಸೀಟು ಸಿಗಬಹುದು, ಕೆಲಸವೂ ಸಿಗಬಹುದು. ಬುದ್ಧಿ ಬರುತ್ತೆ ಅನ್ನುವುದನ್ನು ಮಾತ್ರ ನಾವು ಒಪ್ಪುವುದಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಓಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಭೌತಶಾಸ್ತ್ರದ ಪಿಎಚ್‌ಡಿ ಮಾಡಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಬಾಬಾಗಳನ್ನು ಪ್ರಶ್ನಿಸಿದರು. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಪ್ರಶ್ನೆಯನ್ನು ನಮ್ಮ ರೆಕಾರ್ಡ್ ಬುಕ್ಕಿಗೆ ಯಾವತ್ತೂ ಕೇಳಿಕೊಳ್ಳಲಿಲ್ಲ.

ಈ ವರ್ಷ ಬಂದ ತಮ್ಮ ತಂಗಿಯರಿಗೆ ಒಂದು ಮಾತು. ವಾರಕ್ಕೊಮ್ಮೆ, ಯಾರಿಗೂ ತೋರಿಸದ ಪುಸ್ತಕದಲ್ಲಿ, ಕನ್ನಡದಲ್ಲೇ ಅರ್ಧ ಪುಟ ಬರೆಯಿರಿ. ಏನು ಕಲಿತೆ ಅನ್ನುವುದು ಆಮೇಲೆ ಇರಲಿ. ಏನು ಮಾಡಿದೆ, ಆಗ ಮನಸ್ಸಿನಲ್ಲಿ ಏನಿತ್ತು, ಅಷ್ಟು ಬರೆಯಿರಿ. 246 ಬಂದಿದ್ದರೆ 246 ಅಂತಲೇ ಬರೆಯಿರಿ. ಕ್ಲಿಪ್ ಎಲ್ಲಿ ಜಾರಿತು ಅಂತ ಹುಡುಕಲು ಆ ಅಂಕಿ ಬೇಕಾಗುತ್ತೆ.