ಕಾರಿನ ಗಾಜಿಗೆ ಮಬ್ಬು ಕವಿದಾಗ

ಬಿಟಿಎಂ ಲೇಔಟ್ ಎರಡನೇ ಹಂತದಲ್ಲಿ ನೆಲೆಸಿರುವ ಓದುಗ ಸಹೋದರಿಯೊಬ್ಬರು ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅವರದು ಬ್ಯಾಟರಿ ಕಾರು. ಸಂಜೆ ಮಳೆಯಲ್ಲಿ ಮಕ್ಕಳನ್ನು ಶಾಲೆಯಿಂದ ಕರೆತರುವಾಗ ಸಿಲ್ಕ್ ಬೋರ್ಡ್ ದಾಟುವುದರೊಳಗೆ ಮುಂದಿನ ಗಾಜು ಪೂರ್ತಿ ಮಬ್ಬಾಗುತ್ತದೆ. ಡಿಫ್ರಾಸ್ಟರ್ ಗುಂಡಿ ಒತ್ತಿದರೆ ಸದ್ದು ಬರುತ್ತದೆಯೇ ಹೊರತು ಗಾಜು ತಿಳಿಯಾಗುವುದಿಲ್ಲ. ಮೊನ್ನೆ ಮುಂದೆ ಹೋಗುತ್ತಿದ್ದ ಸ್ಕೂಟರ್ ಕಾಣಿಸದೆ, ಪಕ್ಕದಲ್ಲಿದ್ದ ಮಗಳು ಕೂಗಿದ ಮೇಲೆ ಬ್ರೇಕ್ ಒತ್ತಿದರಂತೆ. ಮೆಕ್ಯಾನಿಕ್ ಒಬ್ಬರು ‘ಹೀಟರನ್ನೇ ಬದಲಾಯಿಸಬೇಕು’ ಎಂದಿದ್ದಾರೆ. ಬದಲಾಯಿಸಲೇ ಎಂಬುದು ಅವರ ಪ್ರಶ್ನೆ.

ಇಷ್ಟು ಬೇಗ ಬೇಡ, ಸಹೋದರಿ. ಮೊದಲು ಆ ಮಬ್ಬು ಎಲ್ಲಿಂದ ಬಂತು ಎಂದು ನೋಡೋಣ.

ಡಿಫ್ರಾಸ್ಟರ್ ಎಂಬ ಹೆಸರು ಹಿಮ ಬೀಳುವ ದೇಶಗಳದು. ಗಾಜಿನ ಮೇಲೆ ಗಟ್ಟಿಯಾಗಿ ಕೂತ ಹಿಮವನ್ನು ಕರಗಿಸಲು ಅಲ್ಲಿ ಬಿಸಿಯೇ ಬೇಕು. ನಮ್ಮ ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿ ಗಾಜಿಗೆ ಹಿಡಿಯುವುದು ಹಿಮವಲ್ಲ, ಉಸಿರಿನ ತೇವ. ನಿಕಾಬ್ ಜೊತೆಗೆ ಕನ್ನಡಕ ಧರಿಸುವವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ! ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಎರಡು ಮೂರು ದೊಡ್ಡ ಚಮಚದಷ್ಟು ನೀರು ಆವಿಯಾಗಿ ಹೊರಬೀಳುತ್ತದೆ. ಮೂವರು ಮಕ್ಕಳು, ನೆನೆದ ಸಮವಸ್ತ್ರ, ಮಡಚಿಟ್ಟ ಕೊಡೆ, ಅಂಚು ಒದ್ದೆಯಾದ ಬುರ್ಖಾ ಎಲ್ಲವೂ ಸೇರಿದರೆ ಆ ಪುಟ್ಟ ಕೋಣೆಯ ಸ್ಥಿತಿ ಏನಾದೀತು? ಮಳೆಗೆ ತಣ್ಣಗಾದ ಗಾಜಿನ ಮೇಲೆ ಆ ಆವಿಯೆಲ್ಲ ಹನಿಯಾಗಿ ಕೂರುತ್ತದೆ.

ಒದ್ದೆ ಬಟ್ಟೆ ಒಣಗಲು ಬಿಸಿಲಿಲ್ಲದಿದ್ದರೂ ಒಣ ಗಾಳಿ ಇದ್ದರೆ ಸಾಕೆಂಬುದು ಗೃಹಿಣಿಗೆ ಗೊತ್ತು. ಗಾಜಿಗೂ ಅದೇ ನಿಯಮ. ಕಾರಿನೊಳಗೆ ಗಾಳಿಯನ್ನು ಒಣಗಿಸುವುದು ಎಸಿ. ಅದರ ತಣ್ಣನೆಯ ಸುರುಳಿಗೆ ತಾಗಿದ ತೇವ ನೀರಾಗಿ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಹೀಟರ್ ಅದಕ್ಕೆ ಜೊತೆಗಾರ ಮಾತ್ರ. ಹಾಗಿದ್ದರೂ ಬ್ಯಾಟರಿ ಕಾರಿನವರು ಎಸಿ ಹಾಕಲು ಹಿಂಜರಿಯುತ್ತಾರೆ. ಚಾರ್ಜ್ ಮುಗಿದುಹೋದರೆ ಎಂಬ ಭಯ.

ಈ ಭಯ ನಮ್ಮ ಕಡೆಗೆ ಹೊಸತಲ್ಲ. ಬಿಟಿಎಂನಿಂದ ಹೊಸೂರು ರಸ್ತೆ ಹಿಡಿದು ಹೋದರೆ ಸಿಗುವ ಬೊಮ್ಮಸಂದ್ರದಲ್ಲಿ (2025ರ ಆಗಸ್ಟ್‌ನಿಂದ ಹಳದಿ ಮೆಟ್ರೋ ಅಲ್ಲಿಯವರೆಗೂ ಓಡುತ್ತಿದೆ) ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ತಯಾರಾಗುತ್ತಿತ್ತು. 2001ರಲ್ಲಿ ರಸ್ತೆಗಿಳಿದ ಅದು 2004ರಿಂದ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್‌ನಲ್ಲೂ ಓಡಿತು. ಪೆಟ್ರೋಲ್ ಕಾರಿನಲ್ಲಿ ಇಂಜಿನ್ನಿನ ವ್ಯರ್ಥ ಶಾಖವೇ ಗಾಜನ್ನು ಬೆಚ್ಚಗಿಡುತ್ತದೆ, ಅದಕ್ಕೆ ಬೇರೆ ಖರ್ಚಿಲ್ಲ. ರೇವಾದಲ್ಲಿ ಇಂಜಿನ್ನೇ ಇರಲಿಲ್ಲ. ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್ ಹೋಗುವ ಕಾರಿನಲ್ಲಿ ಗಾಜಿಗಾಗಿ ಕರೆಂಟ್ ಖರ್ಚು ಮಾಡಲು ಯಾರಿಗಾದರೂ ಮನಸ್ಸು ಹಿಂಜರಿಯುತ್ತಿತ್ತು. ಆ ಸಂಸ್ಥೆ 2010ರಲ್ಲಿ ಮಹೀಂದ್ರಾ ಪಾಲಾಯಿತು, ರೇವಾ ನಿಂತುಹೋಯಿತು.

ಇಂದಿನ ಲೆಕ್ಕ ಬೇರೆ. ಗಾಜು ತಿಳಿಯಾಗಲು ಬೇಕಾದ ಐದು ನಿಮಿಷ ಎಸಿ ಪೂರ್ತಿ ವೇಗದಲ್ಲಿ ಓಡಿದರೂ ಒಂದು ಯೂನಿಟ್ಟಿನ ಕಾಲು ಭಾಗ ಖರ್ಚಾಗುವುದೂ ಅಪರೂಪ. ಒಂದು ಯೂನಿಟ್ಟಿನಲ್ಲಿ ಕಾರು ಆರೇಳು ಕಿಲೋಮೀಟರ್ ಓಡುತ್ತದೆ. ಅಂದರೆ ನೀವು ಕಳೆದುಕೊಳ್ಳುವುದು ಒಂದೂವರೆ ಕಿಲೋಮೀಟರ್. ರಸ್ತೆ ಕಾಣುವುದಕ್ಕಿಂತ ಅದು ದೊಡ್ಡದೇ?

ಈಗ ಕಾರಿನೊಳಗೆ ಕುಳಿತು ನೋಡಿ. ಬೆರಳಿನಿಂದ ಗಾಜನ್ನು ಒಳಗಿನಿಂದ ಉಜ್ಜಿ. ಮಬ್ಬು ಹೋಗದಿದ್ದರೆ ಅದು ಹೊರಗಿನದು. ಎಸಿ ಗಾಜನ್ನು ವಿಪರೀತ ತಣ್ಣಗಾಗಿಸಿದೆ ಎಂದರ್ಥ. ವೈಪರ್ ಹಾಕಿ, ತಂಪು ಸ್ವಲ್ಪ ಕಡಿಮೆ ಮಾಡಿ. ಮಬ್ಬು ಒಳಗಿನದಾದರೆ ಗುಂಡಿಗಳನ್ನು ಗಮನಿಸಿ. ಬೀಸಣಿಗೆಯಂತೆ ಬಾಗಿದ ಗಾಜಿನ ಚಿತ್ರವಿರುವುದು ಮುಂದಿನ ಗಾಜಿಗೆ, ಚೌಕಾಕಾರದ್ದು ಹಿಂದಿನ ಗಾಜಿಗೆ. ಎರಡನೆಯದನ್ನು ಒತ್ತಿ ಮೊದಲನೆಯದನ್ನು ಬೈಯುವವರು ಕಡಿಮೆಯಿಲ್ಲ. ಕಾರಿನೊಳಗೆ ಬಾಣ ಸುತ್ತುತ್ತಿರುವ ಚಿತ್ರದ ದೀಪ ಉರಿಯುತ್ತಿದ್ದರೆ ಆರಿಸಿ. ಇಲ್ಲವಾದರೆ ಅದೇ ತೇವದ ಗಾಳಿ ಒಳಗೊಳಗೇ ತಿರುಗುತ್ತದೆ. ಎಸಿ ಗುಂಡಿ ಹಾಕಿ, ಉಷ್ಣಾಂಶ ಏರಿಸಿ, ಫ್ಯಾನ್ ಪೂರ್ತಿ ಕೊಡಿ. ಇಕೋ ಮೋಡ್ ಇದ್ದರೆ ತೆಗೆಯಿರಿ, ಹಲವು ಕಾರುಗಳಲ್ಲಿ ಅದು ಎಸಿಯ ಶಕ್ತಿಯನ್ನು ಕುಗ್ಗಿಸುತ್ತದೆ.

ಇಷ್ಟು ಮಾಡಿದರೂ ಗಾಳಿಯೇ ಕ್ಷೀಣವಾಗಿದ್ದರೆ ನನ್ನ ಮೊದಲ ಅನುಮಾನ ಕ್ಯಾಬಿನ್ ಫಿಲ್ಟರಿನ ಮೇಲೆ. ಹೆಚ್ಚಿನ ಕಾರುಗಳಲ್ಲಿ ಅದು ಎಡಗಡೆಯ ಡ್ರಾಯರಿನ ಹಿಂದೆ ಇರುತ್ತದೆ. ವರ್ಷವಿಡೀ ರಸ್ತೆ ಅಗೆಯುವ ನಮ್ಮ ಬಡಾವಣೆಯ ಧೂಳಿಗೆ ಅದು ಕಂಬಳಿಯಂತಾಗಿರುತ್ತದೆ. ಬದಲಾಯಿಸುವ ಖರ್ಚು ಹೀಟರಿನ ಮುಂದೆ ಏನೂ ಅಲ್ಲ. ಬಾನೆಟ್ ಎತ್ತಿ ವೈಪರಿನ ಬುಡದ ಜಾಲರಿಯನ್ನೂ ನೋಡಿ. ಮರದ ಕೆಳಗೆ ನಿಲ್ಲಿಸುವ ಕಾರಾದರೆ ಎಲೆ, ಹೂವು ತುಂಬಿ ಗಾಳಿಯ ದಾರಿಯನ್ನೂ ನೀರು ಹರಿಯುವ ದಾರಿಯನ್ನೂ ಮುಚ್ಚಿರುತ್ತವೆ. ಕಾಲಡಿಯ ಮ್ಯಾಟ್ ಎತ್ತಿ ಮುಟ್ಟಿ ನೋಡಿ, ಕೆಳಗೆ ತೇವವಿದ್ದರೆ ನೀರು ಎಲ್ಲಿಂದಲೋ ಸೋರುತ್ತಿದೆ. ಗಾಜಿನ ಒಳಮೈಗೆ ಡ್ಯಾಶ್‌ಬೋರ್ಡ್ ಪಾಲಿಶ್‌ನ ಜಿಡ್ಡು ಅಂಟಿದ್ದರೆ ಮಬ್ಬು ಬೇಗ ಹಿಡಿಯುತ್ತದೆ. ಹದವಾಗಿ ಒದ್ದೆ ಮಾಡಿದ ಹತ್ತಿಬಟ್ಟೆಯಿಂದ ಒರೆಸಿ, ಬಳಿಕ ಒಣಬಟ್ಟೆಯಿಂದ ಉಜ್ಜಿ. ಮನೆಯಲ್ಲಿ ಚಾರ್ಜಿಗೆ ಹಾಕಿದಾಗಲೇ ಐದು ನಿಮಿಷ ಎಸಿ ಓಡಿಸುವ ಸೌಲಭ್ಯ ನಿಮ್ಮ ಕಾರಿನಲ್ಲಿದ್ದರೆ ಬ್ಯಾಟರಿಗೂ ಹೊರೆಯಿಲ್ಲ.

ಆದರೆ ಕೈ ಹಾಕಬಾರದ ಜಾಗವೂ ಇದೆ. ಬಾನೆಟ್ ಒಳಗಿನ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಎಸಿಯ ಕಂಪ್ರೆಸರ್ ಮತ್ತು ಹೀಟರ್ ಸಾಮಾನ್ಯವಾಗಿ ಓಡುವುದು ಅದರಿಂದಲೇ. ಗ್ಯಾಸ್ ತುಂಬಿಸುವಾಗಲೂ ಎಚ್ಚರ ಬೇಕು. ವಿದ್ಯುತ್ ಕಂಪ್ರೆಸರಿಗೆ ಕರೆಂಟ್ ಹರಿಯಗೊಡದ ವಿಶೇಷ ಎಣ್ಣೆ ಬೇಕಾಗುತ್ತದೆ. ಪೆಟ್ರೋಲ್ ಕಾರಿಗೆ ಬಳಸುವ ಮಾಮೂಲಿ ಎಣ್ಣೆ ಸೇರಿದರೆ ಇಡೀ ಕಂಪ್ರೆಸರ್ ಹಾಳಾಗಬಹುದು. ‘ಎಲ್ಲ ಒಂದೇ ಮೇಡಂ’ ಎನ್ನುವ ಅಂಗಡಿಯಿಂದ ಕಾರನ್ನು ಹೊರತನ್ನಿ.

ಕಂಪೆನಿಯ ಸರ್ವಿಸ್ ಸೆಂಟರಿಗೆ ಹೋದಾಗ ಬರೀ ‘ಡಿಫ್ರಾಸ್ಟರ್ ಸರಿಯಿಲ್ಲ’ ಎನ್ನಬೇಡಿ. ಮುಖದ ಕಡೆಗೆ ಗಾಳಿ ಜೋರಾಗಿ ಬಂದು ಗಾಜಿಗೆ ಮಾತ್ರ ಬರುತ್ತಿಲ್ಲವೆಂದರೆ ಗಾಳಿಯ ದಿಕ್ಕು ತಿರುಗಿಸುವ ಬಾಗಿಲು ಸಿಕ್ಕಿಕೊಂಡಿರುತ್ತದೆ. ಗಾಳಿ ಜೋರಾಗಿದ್ದು ತಂಪಾಗದಿದ್ದರೆ ಎಸಿ ಗ್ಯಾಸ್ ಪರೀಕ್ಷಿಸಲಿ. ತಂಪು ಚೆನ್ನಾಗಿದ್ದು, ಉಷ್ಣಾಂಶ ಎಷ್ಟು ಏರಿಸಿದರೂ ಬಿಸಿ ಬಾರದಿದ್ದರೆ ಮಾತ್ರ ಹೀಟರಿನ ಮಾತು. ಆಗಲೂ ಮೊದಲು ಅದರ ಫ್ಯೂಸ್ ನೋಡಲು ಹೇಳಿ, ವಾರಂಟಿ ಕಾಗದ ಜೊತೆಗಿರಲಿ. ಅಲ್ಲಿಯವರೆಗೆ ಮಳೆಯಲ್ಲಿ ಗಾಜು ಮಬ್ಬಾದರೆ ಒಂದು ಕೈಯಲ್ಲಿ ಒರೆಸುತ್ತಾ ಓಡಿಸಬೇಡಿ. ಪಕ್ಕಕ್ಕೆ ನಿಲ್ಲಿಸಿ, ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿ, ತಿಳಿಯಾದ ಮೇಲೆ ಹೊರಡಿ.